ವೈದ್ಯಕೀಯ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ: ಪ್ರಬಂಧಕ್ಕಾಗಿ ದುಡಿದವರು ಯಾರೆಂದು ಕೇಳಿ

ಸನ್ಮಾನ್ಯ ಸಚಿವರಿಗೆ,

ಸಾದರ ನಮಸ್ಕಾರಗಳು. ನಾನು ಕಲ್ಯಾಣ ಕರ್ನಾಟಕದ ಒಂದು ವೈದ್ಯಕೀಯ ಕಾಲೇಜಿನ ಸಮುದಾಯ ವೈದ್ಯಶಾಸ್ತ್ರ ವಿಭಾಗದಲ್ಲಿ ಸಹಾಯಕ ಪ್ರಾಧ್ಯಾಪಕಿ. ವಿಭಾಗದ ಮಾತು ವಿಭಾಗದಲ್ಲೇ ಇರಲಿ ಎಂದು ಇಷ್ಟು ವರ್ಷ ನುಂಗಿಕೊಂಡು ಬಂದೆ. ಈ ಸಲದ ಬಡ್ತಿ ಪಟ್ಟಿ ನೋಡಿದ ಮೇಲೆ ಅದು ಆಗಲಿಲ್ಲ. ನನ್ನ ಬೇಡಿಕೆ ಒಂದೇ. ಬಡ್ತಿಗಾಗಿ ಬೋಧಕರು ಸಲ್ಲಿಸುವ ಪ್ರತಿಯೊಂದು ಸಂಶೋಧನಾ ಪ್ರಬಂಧಕ್ಕೆ ಅವರು ಮಾಡಿದ ಕೆಲಸವೇನು ಎಂಬುದನ್ನು ಎಲ್ಲ ಸಹಲೇಖಕರ ಸಹಿಯೊಡನೆ ಬರೆಯಿಸಿಕೊಂಡು, ಆ ಪಟ್ಟಿಯನ್ನು ಕಾಲೇಜಿನ ಜಾಲತಾಣದಲ್ಲಿ ಹಾಕಿಸಿ.

ನಿಯಮಗಳನ್ನು ತಮಗೆ ನಾನು ಹೇಳಿಕೊಡಬೇಕಿಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2022ರ ನಿಯಮಾವಳಿಯನ್ನು ನಂಬಿ ನಾವು ಕಾದು ಕುಳಿತವರು: ಅದರಂತೆ ಸಹ ಪ್ರಾಧ್ಯಾಪಕರಾಗಲು ನಾಲ್ಕು ವರ್ಷದ ಸೇವೆ, ಎರಡು ಪ್ರಬಂಧ ಬೇಕಿತ್ತು, ಹೆಸರು ಮೊದಲ ಮೂವರಲ್ಲಿರಬೇಕಿತ್ತು, ಇಲ್ಲವೇ ಕರೆಸ್ಪಾಂಡಿಂಗ್ ಲೇಖಕರಾಗಿರಬೇಕಿತ್ತು (ಪತ್ರಿಕೆಯೊಡನೆ ಪತ್ರವ್ಯವಹಾರ ನಡೆಸುವವರು). ನಾಲ್ಕನೆಯ ಹೆಸರಿಗೆ ಬೆಲೆಯಿರಲಿಲ್ಲ. ನನ್ನದು ನಾಲ್ಕನೆಯ ಹೆಸರು.

ಕುಷ್ಟಗಿ, ಯಲಬುರ್ಗಾ ಕಡೆ ಫ್ಲೋರೈಡ್ ತುಂಬಿದ ಕೊಳವೆಬಾವಿಯ ನೀರು ಕುಡಿದು ಬೆಳೆದ ಮಕ್ಕಳ ಹಲ್ಲುಗಳ ಅಧ್ಯಯನ ಅದು. ಗುಳೆ ಹೋದ ಕುಟುಂಬಗಳು ಉಗಾದಿಗೆ ಊರು ಸೇರುವ ತನಕ ಕಾದು, ಬಸ್ಸಿಲ್ಲದ ಹಳ್ಳಿಗಳಿಗೆ ಟಂಟಂ ಹತ್ತಿ ಹೋಗಿ, ಮಕ್ಕಳನ್ನು ಕಟ್ಟೆಯ ಮೇಲೆ ಬೆಳಕಿಗೆ ಕೂರಿಸಿ, ಫ್ಲೋರೈಡ್‌ನಿಂದ ಹಲ್ಲು ಎಷ್ಟು ಕೆಟ್ಟಿದೆಯೆಂದು ಅಳೆಯುವ ಡೀನ್ ಸೂಚ್ಯಂಕದಂತೆ ಒಬ್ಬೊಬ್ಬರ ಹಲ್ಲಿನ ಕಲೆಗಳನ್ನು ದಾಖಲಿಸಿದವಳು ನಾನು. ನೀರಿನ ಮಾದರಿಗಳನ್ನು ಪ್ರಯೋಗಾಲಯಕ್ಕೆ ಹೊತ್ತವಳೂ, ಲೆಕ್ಕ ಹಾಕಿದವಳೂ, ಪ್ರಬಂಧದ ಕರಡು ಬರೆದವಳೂ ನಾನೇ. ಪ್ರಬಂಧ ಅಚ್ಚಾದಾಗ ಮೊದಲ ಹೆಸರು ವಿಭಾಗದ ಮುಖ್ಯಸ್ಥರದು, ಎರಡನೆಯದು ಬೇರೆ ವಿಭಾಗದ ಅವರ ಸ್ನೇಹಿತರದು, ಮೂರನೆಯದು ಆಗ ಬಡ್ತಿಯ ಹೊಸ್ತಿಲಲ್ಲಿದ್ದ ಒಬ್ಬ ಸಹೋದ್ಯೋಗಿಯದು. ಈ ಮೂರನೆಯವರು ಒಂದು ದಿನ ನನ್ನ ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಬಾಟಲಿಗಳನ್ನು ನೋಡಿ, ಗಾಜಿನವು ಸಿಗಲಿಲ್ಲವೇ ಎಂದು ಕೇಳಿದ್ದರು. ಫ್ಲೋರೈಡ್ ಮಾದರಿಯನ್ನು ಗಾಜಿನಲ್ಲಿ ಇಡಬಾರದೆಂಬುದು ನಮ್ಮ ವಿದ್ಯಾರ್ಥಿಗಳಿಗೂ ಗೊತ್ತು.

ಕೇಳಿದ್ದಕ್ಕೆ ಮುಖ್ಯಸ್ಥರು ಕೊಟ್ಟ ಉತ್ತರ: "ನಿಮಗೇನ್ ಅವಸರ ಅದರೀ ಮೇಡಂ, ಇನ್ನಾ ಸಣ್ಣವರಿದ್ದೀರಿ." ಆ ಪ್ರಬಂಧದ ಬಲದಿಂದ ಮೂರನೆಯವರು ಸಹ ಪ್ರಾಧ್ಯಾಪಕರಾದರು. ನನ್ನ ಕಡತದಲ್ಲಿ ಅದೇ ಪ್ರಬಂಧದ ಎದುರು "ಪರಿಗಣಿಸಿಲ್ಲ" ಎಂದು ಷರಾ ಬಿದ್ದಿದೆ.

ವೈದ್ಯಕೀಯ ನಿಯತಕಾಲಿಕಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯು ಲೇಖಕ ಎನಿಸಿಕೊಳ್ಳಲು ನಾಲ್ಕು ಷರತ್ತುಗಳನ್ನು ಹಾಕಿದೆ. ಅಧ್ಯಯನಕ್ಕೆ ಹಣ ತಂದುಕೊಟ್ಟದ್ದಾಗಲಿ, ವಿಭಾಗದ ಮೇಲ್ವಿಚಾರಣೆ ನಡೆಸಿದ್ದಾಗಲಿ ಅಷ್ಟರಿಂದಲೇ ಯಾರನ್ನೂ ಲೇಖಕರನ್ನಾಗಿ ಮಾಡುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ನಮ್ಮಲ್ಲಿ ಕುರ್ಚಿಯೇ ಲೇಖಕ.

ಇದರ ಮೇಲೆ ಬಡ್ತಿಯ ಸಂದರ್ಶನದಲ್ಲಿ ನನ್ನ ಎಚ್-ಇಂಡೆಕ್ಸ್ ಎಷ್ಟೆಂದು ಕೇಳಲಾಯಿತು. 2005ರಲ್ಲಿ ಹಿರ್ಶ್ ಎಂಬ ಭೌತವಿಜ್ಞಾನಿ ರೂಪಿಸಿದ ಈ ಅಳತೆಯಲ್ಲಿ, ತಲಾ ಐದಾದರೂ ಸೈಟೇಶನ್ (ಬೇರೆ ಪ್ರಬಂಧಗಳಲ್ಲಿ ಉಲ್ಲೇಖ) ಪಡೆದ ಐದು ಪ್ರಬಂಧಗಳಿದ್ದರೆ ಅಂಕಿ ಐದು. ಆದರೆ ಹಳ್ಳಿ ಸುತ್ತಿದವರಿಗೂ ಹೆಸರು ಸೇರಿಸಿಕೊಂಡವರಿಗೂ ಒಂದೇ ಪ್ರಬಂಧದ ಸೈಟೇಶನ್ ಸಮನಾಗಿ ಸಲ್ಲುತ್ತದೆ. ಹೀಗಾಗಿ ವಿಭಾಗದ ಪ್ರತಿ ಪ್ರಬಂಧಕ್ಕೂ ತಲೆಯಾದವರ ಅಂಕಿ ಏರುತ್ತಲೇ ಹೋಗುತ್ತದೆ. ಅದೂ ಅಲ್ಲದೆ, ಕುಷ್ಟಗಿಯ ಮಕ್ಕಳ ಹಲ್ಲಿನ ಬಗ್ಗೆ ಬರೆದದ್ದನ್ನು ಕ್ಯಾನ್ಸರ್ ಔಷಧದ ಪ್ರಬಂಧದಷ್ಟು ಜನ ಉಲ್ಲೇಖಿಸುವುದಿಲ್ಲ. ಅಷ್ಟಕ್ಕೆ ಆ ನೀರು ಶುದ್ಧವಾಯಿತೇ? ಒಬ್ಬ ಸಂಶೋಧಕರನ್ನು ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್‌ನಿಂದ, ಅಂದರೆ ಆ ಪತ್ರಿಕೆಯ ಪ್ರಬಂಧಗಳಿಗೆ ಸಿಗುವ ಸರಾಸರಿ ಸೈಟೇಶನ್‌ನಿಂದ, ಅಳೆಯಬೇಡಿ, ಕೆಲಸವನ್ನೇ ನೋಡಿ ಎಂದು ಸಂಶೋಧನೆಯ ಮೌಲ್ಯಮಾಪನ ಕುರಿತ ಸ್ಯಾನ್ ಫ್ರಾನ್ಸಿಸ್ಕೋ ಘೋಷಣೆ 2013ರಲ್ಲೇ ಹೇಳಿತು. ಆ ಮಾತು ನಮ್ಮ ಸಂದರ್ಶನ ಕೊಠಡಿಯನ್ನು ಇನ್ನೂ ತಲುಪಿಲ್ಲ.

2005ರಿಂದ 2014ರವರೆಗಿನ ದಶಕದಲ್ಲಿ ದೇಶದ 579 ವೈದ್ಯಕೀಯ ಸಂಸ್ಥೆಗಳ ಪೈಕಿ 332 ಸಂಸ್ಥೆಗಳಿಂದ ಒಂದೂ ಪ್ರಬಂಧ ಬಂದಿಲ್ಲವೆಂದು 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತ್ತು. ಬಡ್ತಿಗೆ ಪ್ರಬಂಧ ಕಡ್ಡಾಯವಾದರೆ ಸಂಶೋಧನೆ ಬೆಳೆಯಬಹುದೆಂದು ನಾವೂ ನಂಬಿದ್ದೆವು. ಬೆಳೆದದ್ದು ಲೇಖಕರ ಸಂಖ್ಯೆ. ಆದ್ದರಿಂದಲೇ ಮತ್ತೆ ಕೇಳುತ್ತಿದ್ದೇನೆ: ಯಾರು ಯಾವ ಕೆಲಸ ಮಾಡಿದರೆಂದು ಬರೆಯಿಸಿ, ಪಟ್ಟಿಯನ್ನು ಬಹಿರಂಗಪಡಿಸಿ.

ಇದಕ್ಕೆ ಹೊಸ ಕಾನೂನು ಬೇಡ, ಅನುದಾನವೂ ಬೇಡ. ಸಂವಿಧಾನದ 371 (ಜೆ) ಕಲಮಿನಡಿ ನಮ್ಮ ಭಾಗಕ್ಕೆ ಸಿಕ್ಕ ಹುದ್ದೆಗಳಲ್ಲಿ ನ್ಯಾಯವಾಗಿ ಮೇಲೇರಲು ಒಂದು ಸುತ್ತೋಲೆ ಸಾಕು. ಮುಂದಿನ ಬಡ್ತಿ ಸಮಿತಿ ಕೂರುವ ಮೊದಲು ಅದನ್ನು ಹೊರಡಿಸಿ. ಪರಿಶೀಲನೆಯನ್ನು ಈ ಫ್ಲೋರೈಡ್ ಪ್ರಬಂಧದಿಂದಲೇ ಆರಂಭಿಸಬಹುದು. ಸಮೀಕ್ಷೆಯ ನಮೂನೆಗಳೂ, ತಂದೆತಾಯಿಗಳು ಸಹಿ ಮಾಡಿದ, ಹೆಬ್ಬೆಟ್ಟು ಒತ್ತಿದ ಒಪ್ಪಿಗೆ ಪತ್ರಗಳೂ ನನ್ನ ಬಳಿ ಇವೆ. ಮೊದಲ ಮೂವರು ಲೇಖಕರೂ ತಮ್ಮ ಬಳಿ ಇರುವುದನ್ನು ತರಲಿ.

ತಮ್ಮ ವಿಶ್ವಾಸಿ,
ಒಬ್ಬ ಸಹಾಯಕ ಪ್ರಾಧ್ಯಾಪಕಿ, ರಾಯಚೂರು
(ಹೆಸರು, ವಿಳಾಸಗಳನ್ನು ತಮ್ಮ ಕಚೇರಿಗೆ ಕಳುಹಿಸಿದ ಪ್ರತಿಯಲ್ಲಿ ಬರೆದಿದ್ದೇನೆ.)