ದಂತ ಚಿಕಿತ್ಸೆಯ ಭಯ: ಮಂಪರಿನ ಮಾರ್ಗಗಳನ್ನು ರೋಗಿಗೆ ಮೊದಲೇ ತಿಳಿಸಬೇಕು

ಮಾನ್ಯ ಸಂಪಾದಕರೇ,

ಹಲ್ಲುನೋವಿಗೆಂದು ನಮ್ಮ ಬಳಿ ಬರುವವರಲ್ಲಿ ಹಲವರು ಲವಂಗದ ಎಣ್ಣೆ ಹಚ್ಚಿ, ಹೊಗೆಸೊಪ್ಪಿನ ಚೂರು ಒತ್ತಿಟ್ಟು, ಮೆಡಿಕಲ್ ಶಾಪಿನಿಂದ ತಂದ ನೋವಿನ ಮಾತ್ರೆಗಳಲ್ಲಿ ತಿಂಗಳುಗಟ್ಟಲೆ ದೂಡಿ, ಕೊನೆಗೆ ಕೆನ್ನೆ ಊದಿ ಬಾಯಿ ತೆರೆಯಲಾಗದ ಸ್ಥಿತಿಗೆ ತಲುಪಿದ ಮೇಲೆ ಬಂದವರು. ಏಕಿಷ್ಟು ತಡ ಮಾಡಿದಿರಿ ಎಂದು ಕೇಳಿದರೆ ಮೊದಲು ಹಣದ ಮಾತು ಬರುತ್ತದೆ, ಆಮೇಲೆ ಹೊಲದ ಕೆಲಸದ ಮಾತು. ಜೊತೆಗೆ ಬಂದವರು ಎದ್ದು ಹೊರಗೆ ಹೋದ ಬಳಿಕವಷ್ಟೇ "ಭಯ ಆಗುತ್ತೆ ಮೇಡಂ" ಎಂಬ ನಿಜವಾದ ಕಾರಣ ಹೊರಬರುತ್ತದೆ. ತಾಲ್ಲೂಕು ಕೇಂದ್ರವೊಂದರಲ್ಲಿ ದಂತವೈದ್ಯೆಯಾಗಿರುವ ನನ್ನನ್ನು ಈ ಪತ್ರ ಬರೆಯಲು ಹಚ್ಚಿದ್ದು ಒಂದೇ ಸಂಗತಿ: ಈ ಭಯವನ್ನು ತಗ್ಗಿಸುವ ಸುರಕ್ಷಿತ ಮಾರ್ಗಗಳು ವೈದ್ಯಕೀಯದಲ್ಲಿ ಬಹುಕಾಲದಿಂದ ಇದ್ದರೂ, ಅವುಗಳನ್ನು ರೋಗಿಗೆ ಮೊದಲೇ ತಿಳಿಸುವ ಪದ್ಧತಿ ನಮ್ಮಲ್ಲಿ ಇನ್ನೂ ಬೇರೂರಿಲ್ಲ.

ಭಯವನ್ನು ಹೇಡಿತನವೆಂದು ತಳ್ಳಿಹಾಕುವುದು ಸುಲಭ. ಆದರೆ ಅದರಲ್ಲಿ ದೊಡ್ಡ ಪಾಲು ಹಿರಿಯರಾದ ನಾವೇ ಬಿತ್ತಿದ್ದು. ಊಟ ಮಾಡದ ಮಗುವನ್ನು "ಡಾಕ್ಟರ ಹತ್ರ ಕರ್ಕೊಂಡು ಹೋಗಿ ಸೂಜಿ ಚುಚ್ಚಿಸ್ತೀನಿ ನೋಡು" ಎಂದು ಗದರಿಸುವ ಮನೆಗಳು ಇಂದಿಗೂ ಇವೆ. ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಮಂಜಾಗುತ್ತದೆ ಎಂಬ ಆಧಾರವಿಲ್ಲದ ನಂಬಿಕೆ ಓದಿದವರಲ್ಲೂ ಉಳಿದಿದೆ. ಚಿಕ್ಕಂದಿನಲ್ಲಿ ಕೈಕಾಲು ಅದುಮಿ ಹಿಡಿದು ಹಲ್ಲು ಕಿತ್ತ ನೆನಪು ಮೊಮ್ಮಕ್ಕಳನ್ನು ಕಂಡ ಮೇಲೂ ಮಾಸದವರು ನನ್ನ ರೋಗಿಗಳಲ್ಲಿದ್ದಾರೆ. ಹೀಗೆ ದೂರ ಉಳಿಯುವುದರ ಪರಿಣಾಮ ಹಲ್ಲಿಗಷ್ಟೇ ನಿಲ್ಲುವುದಿಲ್ಲ. ಕೆಳದವಡೆಯ ಹಲ್ಲಿನ ಕೀವು ನಾಲಿಗೆಯ ಬುಡಕ್ಕೂ ಕುತ್ತಿಗೆಗೂ ಹರಡಿದರೆ ಉಸಿರಾಟದ ದಾರಿಯೇ ಕಟ್ಟಿಕೊಳ್ಳಬಹುದು. ಗುಟ್ಕಾ, ಹೊಗೆಸೊಪ್ಪು ಅಗಿಯುವವರ ಕೆನ್ನೆಯ ಒಳಗೆ ಮೂಡುವ ಬಿಳಿ ಮಚ್ಚೆಯನ್ನೋ ವಾಸಿಯಾಗದ ಹುಣ್ಣನ್ನೋ ಮೊದಲು ಗುರುತಿಸುವ ಅವಕಾಶ ಹೆಚ್ಚಾಗಿ ದಂತವೈದ್ಯರಿಗೇ ಇರುತ್ತದೆ. ಕುರ್ಚಿಗೆ ಹೆದರಿದವರ ಪಾಲಿಗೆ ಆ ಅವಕಾಶವೂ ಕೈತಪ್ಪುತ್ತದೆ.

ಔಷಧಿಗಿಂತ ಮೊದಲು ಮಾಡಬೇಕಾದ ಕೆಲಸವೊಂದಿದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಬಗ್ಗೆ ಕೇಳುವಂತೆಯೇ ಭಯದ ಬಗ್ಗೆಯೂ ಕೇಳಿ ಬರೆದಿಡಬೇಕು. ಇದಕ್ಕೆಂದೇ 1969ರಲ್ಲಿ ನಾರ್ಮನ್ ಕೋರಾ ಎಂಬುವರು ಒಂದು ಪ್ರಶ್ನಾವಳಿ ರೂಪಿಸಿದರು. 1995ರಲ್ಲಿ ಪರಿಷ್ಕೃತಗೊಂಡ ರೂಪದಲ್ಲಿ ಐದೇ ಪ್ರಶ್ನೆಗಳಿದ್ದು, ಒಟ್ಟು 25 ಅಂಕಗಳಲ್ಲಿ 19 ಅಥವಾ ಅದಕ್ಕಿಂತ ಹೆಚ್ಚು ಬಂದವರನ್ನು ತೀವ್ರ ಭಯವುಳ್ಳವರೆಂದು ಪರಿಗಣಿಸಲಾಗುತ್ತದೆ. ತನ್ನ ಸರದಿಗಾಗಿ ಕಾಯುತ್ತ ಕುಳಿತ ರೋಗಿ ಅಲ್ಲಿಯೇ ಇದನ್ನು ತುಂಬಿ ಕೊಡಬಹುದು. ಸೂಜಿ ಚುಚ್ಚುವ ಜಾಗಕ್ಕೆ ಮೊದಲು ಮರಗಟ್ಟಿಸುವ ಜೆಲ್ ಹಚ್ಚಿ ಸ್ವಲ್ಪ ಹೊತ್ತು ಬಿಡುವುದು, ಮದ್ದನ್ನು ಅವಸರಿಸದೆ ನಿಧಾನವಾಗಿ ಇಳಿಸುವುದು, ಎಡಗೈ ಎತ್ತಿದರೆ ಆ ಕ್ಷಣವೇ ಕೆಲಸ ನಿಲ್ಲಿಸುತ್ತೇನೆಂದು ಮಾತು ಕೊಟ್ಟು ಹಾಗೆಯೇ ನಡೆದುಕೊಳ್ಳುವುದು: ಇಷ್ಟರಿಂದಲೇ ಎಷ್ಟೋ ಜನರ ಬಿಗಿದ ಮುಷ್ಟಿ ಸಡಿಲವಾಗುವುದನ್ನು ನಾನು ಕಂಡಿದ್ದೇನೆ.

ಇಷ್ಟಕ್ಕೂ ಬಗ್ಗದ ಭಯಕ್ಕೆ ಸೆಡೇಶನ್, ಅಂದರೆ ಮಂಪರು ಬರಿಸುವ ವಿಧಾನಗಳಿವೆ. ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸಬೇಕು. ಮಂಪರಿನ ಔಷಧಿ ಆತಂಕವನ್ನು ತಗ್ಗಿಸುತ್ತದೆಯೇ ಹೊರತು ಹಲ್ಲಿನ ನೋವನ್ನು ತಡೆಯಲು ಅದನ್ನೇ ನೆಚ್ಚಲಾಗದು. ವಸಡಿಗೆ ಕೊಡುವ, ಆ ಜಾಗವನ್ನು ಮರಗಟ್ಟಿಸುವ ಲಿಗ್ನೊಕೇನ್ ಚುಚ್ಚುಮದ್ದು ಆಗಲೂ ಬೇಕೇ ಬೇಕು. ಮಂಪರು ಕೊಟ್ಟರೆ ಸೂಜಿಯೇ ಇರುವುದಿಲ್ಲ ಎಂದು ಭಾವಿಸಿ ಬಂದವರು ಮೋಸ ಹೋದೆವೆಂದು ನೊಂದುಕೊಳ್ಳುತ್ತಾರೆ.

ಈ ವಿಧಾನಗಳಲ್ಲಿ ನನಗೆ ಹೆಚ್ಚು ಭರವಸೆ ಇರುವುದು ಮೂಗಿನ ಮೂಲಕ ಉಸಿರಾಡುವ ನೈಟ್ರಸ್ ಆಕ್ಸೈಡ್ ಅನಿಲದ ಮೇಲೆ. ಅಮೆರಿಕದ ಹಾರ್ಟ್‌ಫರ್ಡ್ ನಗರದ ದಂತವೈದ್ಯ ಹೊರೇಸ್ ವೆಲ್ಸ್ 1844ರ ಡಿಸೆಂಬರ್‌ನಲ್ಲಿ ಈ ಅನಿಲವನ್ನು ಸೇವಿಸಿ ತಮ್ಮದೇ ಹಲ್ಲನ್ನು ಕೀಳಿಸಿಕೊಂಡರು. ಅರವಳಿಕೆಯ ಇತಿಹಾಸದ ಮೊದಲ ಪುಟಗಳಲ್ಲಿಯೇ ದಂತವೈದ್ಯರೊಬ್ಬರಿದ್ದಾರೆ ಎಂಬುದು ನಮ್ಮ ವೃತ್ತಿಗೆ ಹೆಮ್ಮೆಯ ವಿಷಯ. ಇಂದು ಅದನ್ನು ಆಮ್ಲಜನಕದೊಂದಿಗೆ ಬೆರೆಸಿಯೇ ಕೊಡಲಾಗುತ್ತದೆ, ಮತ್ತು ಆಮ್ಲಜನಕದ ಪ್ರಮಾಣ ಶೇ 30ಕ್ಕಿಂತ ಕೆಳಗಿಳಿಯದಂತೆ ಯಂತ್ರದಲ್ಲಿಯೇ ತಡೆ ಇರುತ್ತದೆ. ಮೂಗಿನ ಮೇಲೆ ಪುಟ್ಟ ಮಾಸ್ಕ್ ಇಟ್ಟು, ಮೊದಲು ಬರೀ ಆಮ್ಲಜನಕ ಕೊಟ್ಟು, ಅನಿಲವನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹೋದಂತೆ ಕೆಲವೇ ನಿಮಿಷಗಳಲ್ಲಿ ಬೆರಳ ತುದಿಗಳು ಜುಮುಗುಟ್ಟುತ್ತವೆ, ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದಿದ್ದ ಹಿಡಿತ ತಾನಾಗಿ ಬಿಡುತ್ತದೆ, ಹುಬ್ಬಿನ ಗಂಟು ಕರಗುತ್ತದೆ. ರೋಗಿ ಎಚ್ಚರವಾಗಿಯೇ ಇದ್ದು, ಬಾಯಿ ತೆರೆಯಿರಿ ಎಂದರೆ ತೆರೆಯುತ್ತಾರೆ. ಕೆಲಸ ಮುಗಿದ ಬಳಿಕ ಐದು ನಿಮಿಷ ಶುದ್ಧ ಆಮ್ಲಜನಕ ಕೊಟ್ಟರೆ ಅದರ ಪರಿಣಾಮ ಬಹುತೇಕ ಇಳಿದುಹೋಗುತ್ತದೆ. ಮೂಗು ಕಟ್ಟಿದವರಿಗೆ, ಗರ್ಭಧಾರಣೆಯ ಮೊದಲ ಮೂರು ತಿಂಗಳಲ್ಲಿರುವವರಿಗೆ, ಇತ್ತೀಚೆಗೆ ಅಕ್ಷಿಪಟಲದ ಶಸ್ತ್ರಚಿಕಿತ್ಸೆಯಾಗಿ ಕಣ್ಣಿನೊಳಗೆ ಅನಿಲ ತುಂಬಿಸಿಕೊಂಡವರಿಗೆ ಇದು ಸಲ್ಲದು. ವಿಟಮಿನ್ ಬಿ12 ಕೊರತೆ ಇರುವವರಲ್ಲಿಯೂ ಎಚ್ಚರ ಬೇಕು. ಸಸ್ಯಾಹಾರಿಗಳು ಹೆಚ್ಚಾಗಿರುವ ನಮ್ಮ ಕಡೆ ಇದನ್ನು ಕೇಳದೆ ಮುಂದುವರಿಯಬಾರದು. ಯಂತ್ರ ಮತ್ತು ಸಿಲಿಂಡರುಗಳ ವೆಚ್ಚದ ಜೊತೆಗೆ, ಹೊರಬಿದ್ದ ಅನಿಲವನ್ನು ಸಿಬ್ಬಂದಿ ದಿನವೂ ಉಸಿರಾಡದಂತೆ ಹೀರಿ ಹೊರಹಾಕುವ ವ್ಯವಸ್ಥೆಯೂ ಬೇಕಾಗುವುದರಿಂದ ಸಣ್ಣ ಊರುಗಳ ಕ್ಲಿನಿಕ್ಕುಗಳಲ್ಲಿ ಇದು ಅಪರೂಪ.

ಎರಡನೆಯದು ಮಾತ್ರೆ. ಹಿಂದಿನ ರಾತ್ರಿಯೋ ಚಿಕಿತ್ಸೆಗೆ ಸುಮಾರು ಒಂದು ಗಂಟೆ ಮೊದಲೋ ಡಯಜೆಪಾಮ್‌ನಂಥ ಔಷಧಿಯನ್ನು ವೈದ್ಯರು ಬರೆದುಕೊಡುತ್ತಾರೆ. ಇದು ಅಗ್ಗ, ಸುಲಭ, ಆದರೆ ನುಂಗಿದ ಮೇಲೆ ಪ್ರಮಾಣವನ್ನು ಹೆಚ್ಚು ಕಡಿಮೆ ಮಾಡಲು ಬರುವುದಿಲ್ಲ, ಒಬ್ಬರಿಗೆ ಏನೂ ಆಗದ ಪ್ರಮಾಣ ಇನ್ನೊಬ್ಬರನ್ನು ಮಲಗಿಸಿಬಿಡಬಹುದು. ಕೆಲವು ತಿಂಗಳ ಹಿಂದೆ ರೈತರೊಬ್ಬರು ಬುದ್ಧಿಹಲ್ಲು ತೆಗೆಸಲು ಬಂದವರು, ಮಾತು ತೊದಲುತ್ತಿದ್ದುದನ್ನು ಕಂಡು ವಿಚಾರಿಸಿದಾಗ, ಧೈರ್ಯಕ್ಕೆಂದು ಮನೆಯಲ್ಲಿ ತಾಯಿಗೆ ಬರೆದುಕೊಟ್ಟಿದ್ದ ನಿದ್ದೆ ಮಾತ್ರೆ ಎರಡನ್ನು ನುಂಗಿ, ಅದೇ ಸ್ಥಿತಿಯಲ್ಲಿ ಬೈಕ್ ಓಡಿಸಿಕೊಂಡು ಬಂದಿದ್ದಾಗಿ ಹೇಳಿದರು. ಆ ದಿನ ಹಲ್ಲಿಗೆ ಕೈ ಹಚ್ಚದೆ, ಮಗನನ್ನು ಕರೆಸಿ ಬೈಕಿನ ಕೀಲಿಯನ್ನು ಅವನ ಕೈಗೆ ಕೊಟ್ಟು ಕಳಿಸಿದೆ. ಇಂಥ ಮಾತ್ರೆಗಳು ಔಷಧ ನಿಯಮಗಳ ಎಚ್1 ಅನುಸೂಚಿಗೆ ಸೇರಿದ್ದು, ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ಅಂಗಡಿಯವರು ದಾಖಲಿಸಿಡಬೇಕು. ಮದ್ಯದ ಜೊತೆಗೆ ಸೇರಿದರೆ ಇವು ಉಸಿರಾಟವನ್ನೇ ಕುಗ್ಗಿಸಬಲ್ಲವು. ಧೈರ್ಯಕ್ಕೆಂದು ಒಂದು ಗುಟುಕು ಹಾಕಿ ಬರುವವರೂ ಇರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ರಕ್ತನಾಳದ ಮೂಲಕ ಮಿಡಜೋಲಾಮ್ ಎಂಬ ಮಂಪರಿನ ಔಷಧಿ ಕೊಡುವುದು ಇನ್ನೊಂದು ವಿಧಾನ. ರೋಗಿಯ ಸ್ಥಿತಿ ನೋಡಿಕೊಂಡು ಹನಿಹನಿಯಾಗಿ ಏರಿಸಬಹುದಾದ್ದರಿಂದ ಹಿಡಿತ ಹೆಚ್ಚು, ಚಿಕಿತ್ಸೆಯ ನೆನಪೂ ಬಹುಮಟ್ಟಿಗೆ ಉಳಿಯುವುದಿಲ್ಲ. ಹೂತುಹೋದ ಬುದ್ಧಿಹಲ್ಲು ತೆಗೆಯುವಾಗ, ಬಾಯಿಗೆ ಏನಿಟ್ಟರೂ ವಾಕರಿಸುವವರಿಗೆ ಇದು ವರದಾನ. ಆದರೆ ಇದಕ್ಕೆ ತರಬೇತಾದ ಕೈ ಬೇಕು. ಹಲ್ಲಿನ ಕೆಲಸ ಮಾಡುವವರನ್ನು ಬಿಟ್ಟು ಬೇರೊಬ್ಬರು ರೋಗಿಯ ಉಸಿರು, ನಾಡಿ, ರಕ್ತದೊತ್ತಡಗಳನ್ನು ಗಮನಿಸುತ್ತಲೇ ಇರಬೇಕು. ಕೋವಿಡ್ ಕಾಲದಲ್ಲಿ ಮನೆಮನೆಗೂ ಪರಿಚಿತವಾದ ಪಲ್ಸ್ ಆಕ್ಸಿಮೀಟರ್ ಬೆರಳಲ್ಲಿರಬೇಕು, ಆಮ್ಲಜನಕವೂ ಔಷಧಿಯ ಪ್ರಭಾವವನ್ನು ಇಳಿಸುವ ಫ್ಲುಮಾಜೆನಿಲ್ ಕೂಡ ಕೈಗೆಟುಕುವಂತಿರಬೇಕು. ಗೊರಕೆಯ ಜೊತೆ ನಿದ್ದೆಯಲ್ಲಿ ಉಸಿರು ಕಟ್ಟುವವರು ಅದನ್ನು ಮುಚ್ಚಿಡಬಾರದು. ಮನೆಗೆ ಕರೆದೊಯ್ಯಲು ಜವಾಬ್ದಾರಿಯುತ ವ್ಯಕ್ತಿಯೊಬ್ಬರು ಬಂದಿರಲೇಬೇಕು, ಮರುದಿನದವರೆಗೆ ವಾಹನ ಓಡಿಸಬಾರದು, ಯಾವ ದಾಖಲೆಗೂ ಸಹಿ ಹಾಕಬಾರದು.

ಪೂರ್ಣ ಅರವಳಿಕೆ ಕೊನೆಯ ಮೆಟ್ಟಿಲು, ಅದು ಆಸ್ಪತ್ರೆಯಲ್ಲಿ ಅರವಳಿಕೆ ತಜ್ಞರ ಕೈಯಲ್ಲೇ ಆಗಬೇಕಾದದ್ದು. ಬಾಯಿತುಂಬ ಹುಳುಕಾದ ಪುಟ್ಟ ಮಕ್ಕಳಿಗೆ, ಬೌದ್ಧಿಕ ಅಂಗವೈಕಲ್ಯ ಅಥವಾ ಆಟಿಸಂ ಇರುವವರಿಗೆ ಎಲ್ಲ ಹಲ್ಲುಗಳ ಕೆಲಸವನ್ನೂ ಒಂದೇ ಸಲಕ್ಕೆ ಮುಗಿಸಲು ಇದು ನೆರವಾಗುತ್ತದೆ. ಚಿಕಿತ್ಸೆಗೆ ಆರು ಗಂಟೆ ಮೊದಲಿನಿಂದ ಘನ ಆಹಾರ ಕೊಡಬಾರದು, ಬರೀ ನೀರನ್ನು ಎರಡು ಗಂಟೆ ಮೊದಲಿನವರೆಗೆ ಕುಡಿಸಬಹುದು. ಮಗು ಅಳುತ್ತದೆಂದು ಕದ್ದು ಬಿಸ್ಕತ್ತು ತಿನ್ನಿಸುವ ಅಜ್ಜಿಯರಿಗೆ ಇದರ ಅಪಾಯವನ್ನು ಮನದಟ್ಟು ಮಾಡಬೇಕು. ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಸಂಚಕಾರ.

ಕರ್ನಾಟಕದಲ್ಲಿ 40ಕ್ಕೂ ಹೆಚ್ಚು ದಂತವೈದ್ಯ ಕಾಲೇಜುಗಳಿವೆ, ಬೆಂಗಳೂರಿನ ಸರ್ಕಾರಿ ದಂತವೈದ್ಯ ಕಾಲೇಜು 1958ರಿಂದ ನಡೆಯುತ್ತಿದೆ. ಇಷ್ಟು ಸಂಪತ್ತುಳ್ಳ ರಾಜ್ಯದಲ್ಲಿ ಭಯದಿಂದ ನಡುಗುವ ಹಳ್ಳಿಯ ರೋಗಿಗೆ ಇರುವ ಆಯ್ಕೆ ಹಲ್ಲು ಕಚ್ಚಿ ಸಹಿಸುವುದು ಇಲ್ಲವೇ ಎದ್ದು ಹೋಗುವುದು ಎಂಬಂತಾಗಬಾರದು. ಬಡ ಹಿರಿಯರಿಗೆ ಉಚಿತವಾಗಿ ಕೃತಕ ದಂತಪಂಕ್ತಿ ನೀಡಲು ಸರ್ಕಾರ ತಂದ ದಂತ ಭಾಗ್ಯ ಯೋಜನೆಯನ್ನೇ ನೋಡಿ: ಪೂರ್ಣ ದಂತಪಂಕ್ತಿ ಕೂರಿಸುವ ಮೊದಲು ಅಲುಗಾಡುವ ಹಲ್ಲುಗಳನ್ನು ತೆಗೆಯಬೇಕಾಗುತ್ತದೆ, ಅಲ್ಲಿಯೇ ಹಿಂಜರಿಯುವ ಅಜ್ಜ ಅಜ್ಜಿಯರಿಗೆ ಯೋಜನೆಯ ಫಲ ಸಿಗುವುದು ಹೇಗೆ?

ಆದ್ದರಿಂದ ಆರೋಗ್ಯ ಇಲಾಖೆಯಲ್ಲಿ ನನ್ನ ವಿನಂತಿ ಇಷ್ಟು. ಸರ್ಕಾರಿ ಆಸ್ಪತ್ರೆಗಳ ದಂತ ವಿಭಾಗದ ಕೇಸ್ ಶೀಟಿನಲ್ಲಿ ಭಯದ ಐದು ಪ್ರಶ್ನೆಗಳು ಕನ್ನಡದಲ್ಲಿ ಸೇರಲಿ. ಪ್ರತಿ ಜಿಲ್ಲಾಸ್ಪತ್ರೆಯ ದಂತ ವಿಭಾಗಕ್ಕೂ ನೈಟ್ರಸ್ ಆಕ್ಸೈಡ್ ಯಂತ್ರವನ್ನು, ಅದನ್ನು ಬಳಸುವ ತರಬೇತಿಯನ್ನು ಒಟ್ಟಿಗೇ ಕೊಡಲಿ. ತರಬೇತಿಯಿಲ್ಲದ ಯಂತ್ರ ಮೂಲೆ ಸೇರುತ್ತದೆ. ಜಿಲ್ಲಾಸ್ಪತ್ರೆಯ ಅರವಳಿಕೆ ತಜ್ಞರ ವಾರದ ಒಂದು ಬೆಳಗನ್ನು ದಂತ ರೋಗಿಗಳಿಗಾಗಿ ಮೀಸಲಿಡಲಿ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಂತೆ ಶುಲ್ಕ ಪಟ್ಟಿ ಪ್ರದರ್ಶಿಸುವ ಕ್ಲಿನಿಕ್ಕುಗಳು, ಮಂಪರಿನ ಸೌಲಭ್ಯವಿದ್ದರೆ ಅದರ ದರವನ್ನೂ ಅದೇ ಫಲಕದಲ್ಲಿ ಬರೆಯಲಿ.

ಓದುಗರಲ್ಲಿಯೂ ಒಂದು ಕೋರಿಕೆ. ನಿಮಗೋ ನಿಮ್ಮ ಮನೆಯವರಿಗೋ ಮಂಪರು ಕೊಟ್ಟು ಹಲ್ಲಿನ ಚಿಕಿತ್ಸೆ ಮಾಡುವುದಾಗಿ ಹೇಳಿದರೆ, ಯಾವ ಔಷಧಿ, ಕೊಡುವವರು ಯಾರು, ಅಷ್ಟು ಹೊತ್ತೂ ಉಸಿರಾಟವನ್ನು ನೋಡಿಕೊಳ್ಳುವವರು ಯಾರು ಎಂದು ಸಂಕೋಚವಿಲ್ಲದೆ ಕೇಳಿ. ನೀವು ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಚೀಟಿಗಳನ್ನು, ಮನೆಮದ್ದಿನ ವಿವರವನ್ನೂ ಸೇರಿಸಿ, ಮೊದಲ ಭೇಟಿಯಲ್ಲೇ ವೈದ್ಯರ ಮುಂದಿಡಿ.

– ದಂತವೈದ್ಯೆ, ಅರಸೀಕೆರೆ