ಪಕ್ಷಿವೀಕ್ಷಣೆಯ ದೋಣಿಗೆ ಅಂತರವೇ ಅಳತೆಯಾಗಲಿ

ಮಾನ್ಯ ಸಂಪಾದಕರೆ,

ಪತ್ರಿಕೆಗಳ ಪ್ರವಾಸ ಪುಟಗಳಲ್ಲಿ ಪಕ್ಷಿವೀಕ್ಷಣೆಯ ದೋಣಿವಿಹಾರಗಳನ್ನು ಕುರಿತ ಬರಹಗಳು ಆಗಾಗ ಬರುತ್ತಿರುತ್ತವೆ. ಫ್ಲಾರಿಡಾದ ಕಾಂಡ್ಲಾ (ಮ್ಯಾಂಗ್ರೋವ್) ಕಾಲುವೆಗಳು, ಟೆಕ್ಸಾಸ್ ತೀರದ ಉಪ್ಪುನೀರಿನ ಜೌಗು, ಆಸ್ಟ್ರೇಲಿಯಾದ ಮೋರ್ಟನ್ ಕೊಲ್ಲಿ ಮುಂತಾದ ಉಪೋಷ್ಣ ವಲಯದ ಕರಾವಳಿಗಳು ಕನ್ನಡದ ಓದುಗರಿಗೆ ಹೀಗೆ ಪರಿಚಯವಾಗುವುದು ಸಂತೋಷದ ಸಂಗತಿ. ಆದರೆ ಇಂಥ ಬರಹಗಳೊಂದಿಗೆ ಅಚ್ಚಾಗುವ ಒಂದು ಬಗೆಯ ಚಿತ್ರ ನನ್ನನ್ನು ಪ್ರತಿ ಸಲವೂ ಕಾಡುತ್ತದೆ. ದೋಣಿಯ ಮುಂದೆಯೇ ನೂರಾರು ಹಕ್ಕಿಗಳು ಒಮ್ಮೆಗೇ ರೆಕ್ಕೆ ಬಿಚ್ಚಿ ಮೇಲೇಳುವ ಆ ನೋಟವನ್ನು ಪ್ರವಾಸದ ಸಾರ್ಥಕತೆಯೆಂಬಂತೆ ವರ್ಣಿಸಲಾಗುತ್ತದೆ. ಗಿಡುಗನ ನೆರಳಿಗೂ ಹಿಂಡು ಏಳುವುದುಂಟು, ನಿಜ. ಆದರೆ ದೋಣಿಯ ಎದುರಿಗೇ ಎದ್ದ ಹಿಂಡನ್ನು ಬಹುಮಟ್ಟಿಗೆ ಎಬ್ಬಿಸಿದ್ದು ಆ ದೋಣಿಯೇ. ವಿಹಾರ ಕೆಟ್ಟ ಗಳಿಗೆಯನ್ನೇ ನಾವು ಅದರ ಹೆಗ್ಗಳಿಕೆಯೆಂದು ಅಚ್ಚುಹಾಕುತ್ತಿದ್ದೇವೆ ಎಂಬುದು ನನ್ನ ಆಕ್ಷೇಪ.

ಹಕ್ಕಿ ಹಾರಿತು, ಸ್ವಲ್ಪ ಹೊತ್ತಿನಲ್ಲಿ ಮರಳಿ ಬಂದು ಕೂತಿತು, ಅದರಲ್ಲಿ ನಷ್ಟವೇನು ಎಂದು ಕೇಳುವವರಿದ್ದಾರೆ. ಇದಕ್ಕೆ ಉತ್ತರ ಉಬ್ಬರ ಇಳಿತದ ಲೆಕ್ಕದಲ್ಲಿದೆ. ಕಡಲು ಇಳಿದಾಗ ತೆರೆದುಕೊಳ್ಳುವ ಕೆಸರುಬಯಲಿನಲ್ಲಿ ಹುಳು, ಚಿಪ್ಪುಜೀವಿ, ಏಡಿಗಳನ್ನು ಹೆಕ್ಕಿ ತಿನ್ನುವ ಹಕ್ಕಿಗಳಿಗೆ ಊಟದ ಅವಧಿ ದಿನದಲ್ಲಿ ಕೆಲವೇ ತಾಸು. ಉಬ್ಬರ ಬಂದಾಗ ಆ ಬಯಲೆಲ್ಲ ಮುಳುಗಿ, ಅವು ಉಳಿದ ಮರಳುದಿಬ್ಬದ ಮೇಲೋ ಕಾಂಡ್ಲಾ ಗಿಡಗಳ ಮೇಲೋ ಒತ್ತೊತ್ತಾಗಿ ಕೂತು ವಿಶ್ರಮಿಸುತ್ತವೆ. ಇಳಿತದ ಹೊತ್ತಿನಲ್ಲಿ ಕೆಸರಿಗೆ ಸಿಕ್ಕಿಕೊಳ್ಳುವ ದೋಣಿಗೆ ಅನುಕೂಲವಾಗುವುದೂ ಇದೇ ಉಬ್ಬರದ ಹೊತ್ತು. ಅಂದರೆ ಹಕ್ಕಿಗಳಿಗೆ ಬೇರೆಲ್ಲಿಗೂ ಹೋಗಲು ಜಾಗವಿಲ್ಲದ ಗಳಿಗೆಯಲ್ಲೇ ದೋಣಿ ಅವುಗಳ ತೀರಾ ಹತ್ತಿರಕ್ಕೆ ಬರಬಲ್ಲದು. ಅಂಥಲ್ಲಿ ಒಂದು ದೋಣಿ ಎಬ್ಬಿಸಿದ ಹಿಂಡನ್ನು ಅದರ ಹಿಂದಿನ ದೋಣಿ ಮತ್ತೆ ಎಬ್ಬಿಸಿದರೆ, ಹಗಲೆಲ್ಲ ಕೂಡಿಸಿದ ಕೊಬ್ಬು ಸುಮ್ಮನೆ ಸುತ್ತು ಹೊಡೆಯುವುದರಲ್ಲೇ ಕರಗುತ್ತದೆ. 2022ರಲ್ಲಿ ಉಪಗ್ರಹ ಸಾಧನ ಹೊತ್ತ, ಗಾಡ್‌ವಿಟ್ ಎಂಬ ಜಾತಿಯ ಎಳೆಯ ವಲಸೆಹಕ್ಕಿಯೊಂದು ಅಲಾಸ್ಕಾದಿಂದ ಟ್ಯಾಸ್ಮೇನಿಯಾದವರೆಗೆ 13,560 ಕಿಲೋಮೀಟರ್ ದೂರವನ್ನು ಎಲ್ಲೂ ಇಳಿಯದೆ 11 ದಿನಗಳಲ್ಲಿ ಹಾರಿತು. ಮೋರ್ಟನ್ ಕೊಲ್ಲಿಯಲ್ಲಿ ಕಾಲ ಕಳೆಯುವ ಗಾಡ್‌ವಿಟ್‌ಗಳೂ ಇದೇ ಜಾತಿಯವು. ಅಷ್ಟು ದೂರ ಹಾರಲು ಬೇಕಾದ ಇಂಧನವೆಲ್ಲ ಕೊಬ್ಬಿನ ರೂಪದಲ್ಲಿ ಮೈಯೊಳಗೇ ಸಂಗ್ರಹವಾಗಬೇಕು.

ಗೂಡು ಕಟ್ಟುವ ಕಾಲದಲ್ಲಿ ಹಾನಿ ಇನ್ನೂ ನೇರವಾದದ್ದು. ಉಪೋಷ್ಣ ವಲಯದ ಬಿಸಿಲಿನಲ್ಲಿ ತಾಯಿಹಕ್ಕಿಯ ನೆರಳು ತಪ್ಪಿದರೆ ಗರಿ ಮೂಡದ ಮರಿಗಳು ಬೇಗನೆ ಬಳಲುತ್ತವೆ, ಮೊಟ್ಟೆಗಳು ಕಾದು ಕೆಡುತ್ತವೆ. ಬಿಟ್ಟುಹೋದ ಗೂಡಿಗಾಗಿ ಕಾಗೆ ಮತ್ತು ಕಡಲಕ್ಕಿಗಳು (ಗಲ್) ಕಾದೇ ಇರುತ್ತವೆ. ತಗ್ಗಿನ ಮರಳುದಿಬ್ಬದಲ್ಲಿ ನೆಲದ ಮೇಲೇ ಮೊಟ್ಟೆಯಿಡುವ ರೀವ (ಟರ್ನ್) ಮತ್ತು ಸ್ಕಿಮ್ಮರ್ ಎಂಬ ಕಡಲತೀರದ ಹಕ್ಕಿಗಳ ಗೂಡುಗಳನ್ನು ವೇಗದ ದೋಣಿ ಎಬ್ಬಿಸಿದ ಅಲೆಯೇ ಕೊಚ್ಚಿಕೊಂಡು ಹೋಗಬಹುದು, ಮತ್ತು ಆ ದೋಣಿಯಲ್ಲಿದ್ದವರಿಗೆ ಅದು ಗೊತ್ತೂ ಆಗುವುದಿಲ್ಲ.

ಹಾಗಾದರೆ ಎಷ್ಟು ದೂರ ಸಾಕು ಎಂಬುದನ್ನು ಊಹೆಗೆ ಬಿಡಬೇಕಾಗಿಲ್ಲ. ಫ್ಲಾರಿಡಾದಲ್ಲಿ ಜೇಮ್ಸ್ ರಾಡ್ಜರ್ಸ್ ಮತ್ತು ಹೆನ್ರಿ ಸ್ಮಿತ್ 1995ರಲ್ಲಿ ಪ್ರಕಟಿಸಿದ ಅಧ್ಯಯನವು ಬಕ, ಬೆಳ್ಳಕ್ಕಿಗಳಂಥ ಹಕ್ಕಿಗಳ ಗೂಡುತಾಣದಿಂದ ಸುಮಾರು 100 ಮೀಟರ್, ರೀವ ಮತ್ತು ಸ್ಕಿಮ್ಮರ್‌ಗಳು ಕೂಡಿ ಗೂಡುಮಾಡುವ ತಾಣದಿಂದ 180 ಮೀಟರ್ ಅಂತರವನ್ನು ಶಿಫಾರಸು ಮಾಡಿತು. ಗೂಡಿನಲ್ಲಿರದೆ ಮೇಯುತ್ತಿರುವ, ವಿಶ್ರಮಿಸುತ್ತಿರುವ ಹಕ್ಕಿಗಳ ಬಳಿಗೆ ಬರುವ ಮೋಟಾರುದೋಣಿಗಳನ್ನು ಕುರಿತು 2002ರಲ್ಲಿ ಅಲ್ಲಿಂದಲೇ ಬಂದ ಮತ್ತೊಂದು ಅಧ್ಯಯನ ನೀರಿನಲ್ಲಿ ನಡೆದಾಡುವ ದೊಡ್ಡ ಹಕ್ಕಿಗಳಿಗೆ 180, ರೀವ ಮತ್ತು ಕಡಲಕ್ಕಿಗಳಿಗೆ 140, ಪ್ಲೋವರ್ ಮತ್ತು ಸ್ಯಾಂಡ್‌ಪೈಪರ್ ಎಂಬ ಸಣ್ಣ ಕೆಸರುಬಯಲಿನ ಹಕ್ಕಿಗಳಿಗೆ 100 ಮೀಟರ್ ಎಂದು ಸೂಚಿಸಿತು. ಈ ಅಂಕಿಗಳನ್ನು ಎಲ್ಲ ತೀರಗಳಿಗೂ ಹಾಗೆಯೇ ಅನ್ವಯಿಸಲಾಗದು. ದೋಣಿಗಳನ್ನು ದಿನವೂ ನೋಡುವ ಹಿಂಡಿಗೂ ಎಂದೂ ನೋಡದ ಹಿಂಡಿಗೂ ವ್ಯತ್ಯಾಸವಿದೆ. ಆದರೆ ಅಳತೆಯೊಂದು ಇದೆ ಎಂಬುದನ್ನು ಟಿಕೆಟ್ ಕೊಳ್ಳುವವರು ತಿಳಿದಿರಬೇಕು. ಹಕ್ಕಿಯತ್ತ ನೇರವಾಗಿ ನುಗ್ಗುವ ದೋಣಿಗಿಂತ ಓರೆಯಾಗಿ, ಒಂದೇ ನಿಧಾನದ ವೇಗದಲ್ಲಿ ಸಾಗುವ ದೋಣಿಯನ್ನು ಹಕ್ಕಿಗಳು ಹೆಚ್ಚು ಸಹಿಸುತ್ತವೆ ಎಂಬುದು ಒಳ್ಳೆಯ ಚಾಲಕರೆಲ್ಲರಿಗೂ ಗೊತ್ತು. ಮೋಟಾರಿಲ್ಲದ ಕಯಾಕ್ ನಿರುಪದ್ರವಿ ಎಂಬ ನಂಬಿಕೆ ಮಾತ್ರ ಪೂರ್ತಿ ಸರಿಯಲ್ಲ. ದೊಡ್ಡ ದೋಣಿ ಮುಟ್ಟಲಾಗದ ಆಳವಿಲ್ಲದ ಮೂಲೆಗಳಿಗೂ ಅದು ಸದ್ದಿಲ್ಲದೆ ನುಗ್ಗಬಲ್ಲದು.

ದೂರ ನಿಂತರೆ ಏನೂ ಕಾಣದು ಎಂಬ ಅಂಜಿಕೆಗೆ ಟೆಕ್ಸಾಸ್‌ನ ಅರಾನ್ಸಸ್ ವನ್ಯಜೀವಿ ಆಶ್ರಯತಾಣವೇ ಸಮಾಧಾನ ಹೇಳುತ್ತದೆ. 1937ರಲ್ಲಿ ಸ್ಥಾಪನೆಯಾದ ಈ ತಾಣಕ್ಕೆ ಕೆನಡಾದ ವುಡ್ ಬಫಲೊ ರಾಷ್ಟ್ರೀಯ ಉದ್ಯಾನದಿಂದ ಸುಮಾರು 4,000 ಕಿಲೋಮೀಟರ್ ಹಾರಿ ಚಳಿಗಾಲ ಕಳೆಯಲು ಬರುವ ಹೂಪಿಂಗ್ ಕ್ರೇನ್ ಎಂಬ ಕ್ರೌಂಚಪಕ್ಷಿಗಳು 1941ರ ಹೊತ್ತಿಗೆ ಹದಿನೈದು ಹದಿನಾರಕ್ಕೆ ಇಳಿದಿದ್ದವು. ಇಂದು ಆ ಹಿಂಡು 500ನ್ನು ದಾಟಿದೆ. ಅವುಗಳನ್ನು ನೋಡಲು ದೋಣಿಗಳು ಹೋಗುತ್ತವೆ, ಮತ್ತು ಆ ವಿಹಾರದ ಸೊಗಸು ಹಕ್ಕಿಯ ಸ್ವಭಾವದಲ್ಲೇ ಇದೆ. ಪ್ರತಿ ಜೋಡಿಯೂ ಜೌಗಿನಲ್ಲಿ ತನ್ನದೇ ಎಲ್ಲೆಯನ್ನು ಹಿಡಿದು, ಮರಿಯಿದ್ದರೆ ಮರಿಯೊಂದಿಗೆ, ಚಳಿಗಾಲವಿಡೀ ಅದನ್ನು ಕಾಯುತ್ತದೆ. ಯಾವ ಕುಟುಂಬ ಎಲ್ಲಿ ಸಿಗುತ್ತದೆಂದು ಅನುಭವಿ ಚಾಲಕರಿಗೆ ತಿಳಿದಿರುವುದರಿಂದ ಯಾವುದನ್ನೂ ಬೆನ್ನಟ್ಟಬೇಕಾಗಿಲ್ಲ. ಕಾಲುವೆಯಲ್ಲೇ ದೋಣಿ ನಿಲ್ಲಿಸಿ ದುರ್ಬೀನು ಹಿಡಿದರೆ, ಐದು ಅಡಿ ಎತ್ತರದ ಆ ಬಿಳಿಯ ಹಕ್ಕಿ ನೀಲಿ ಏಡಿಯನ್ನು ಹಿಡಿದು, ಕಾಲುಗಳನ್ನು ಕುಕ್ಕಿ ಬೇರ್ಪಡಿಸಿ, ಮರಿಗೆ ಕೊಡುವುದನ್ನೂ ನೋಡಬಹುದು. ಹಾರಿಹೋಗುವ ಹಕ್ಕಿಯ ಬೆನ್ನಿನಲ್ಲಿ ಇದರಲ್ಲಿ ಒಂದೂ ಕಾಣಸಿಗದು. ಹಾಂಗ್‌ಕಾಂಗ್‌ನ ಮಾಯ್ ಪೊ ಜೌಗಿನಲ್ಲಿ ಪ್ರವಾಸಿಗರು ಕೆಸರುಬಯಲಿನ ಅಂಚಿನ ತೇಲುವ ಮರೆಗಳೊಳಗೆ ಕೂತು ಕಪ್ಪುಮುಖದ ಚಮಚಕೊಕ್ಕಿನ ಹಕ್ಕಿಗಳನ್ನು ಕಾಯುವುದೂ ಇದೇ ತಿಳಿವಳಿಕೆಯಿಂದ.

ಇಂಥ ನೀರುಗಳಲ್ಲಿ ಹಕ್ಕಿಗಳು ಉಳಿದಿರುವುದೇ ಕೆಲವರು ತೆತ್ತ ಬೆಲೆಯಿಂದ ಎಂಬುದನ್ನೂ ನೆನೆಯಬೇಕು. ಟೋಪಿಗೆ ಸಿಕ್ಕಿಸುವ ಗರಿಗಾಗಿ ಫ್ಲಾರಿಡಾದ ಬೆಳ್ಳಕ್ಕಿಗಳನ್ನು ಗೂಡಿನಲ್ಲೇ ಕೊಲ್ಲುತ್ತಿದ್ದ ಕಾಲದಲ್ಲಿ, 1903ರಲ್ಲಿ, ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಪೆಲಿಕನ್ ಐಲ್ಯಾಂಡ್ ಎಂಬ ಪುಟ್ಟ ಕಾಂಡ್ಲಾ ದ್ವೀಪವನ್ನು ಹಕ್ಕಿಗಳಿಗಾಗಿ ಕಾಯ್ದಿರಿಸಿದರು. ಎರಡು ವರ್ಷಗಳ ನಂತರ, ಗರಿಬೇಟೆಗಾರರನ್ನು ತಡೆಯಲು ತನ್ನ ಪುಟ್ಟ ದೋಣಿಯಲ್ಲಿ ಹೊರಟ ಕಾವಲುಗಾರ ಗೈ ಬ್ರಾಡ್ಲಿ ಫ್ಲಾಮಿಂಗೊ ಎಂಬ ಊರಿನ ಬಳಿ ಗುಂಡಿಗೆ ಬಲಿಯಾದರು. ಆ ದ್ವೀಪದ ಮೇಲೆ ಇಂದಿಗೂ ಪ್ರವಾಸಿಗರು ಕಾಲಿಡುವಂತಿಲ್ಲ. ದೋಣಿಯಿಂದಲೋ ದಡದ ಅಟ್ಟಣಿಗೆಯಿಂದಲೋ ದೂರದಿಂದಲೇ ನೋಡಬೇಕು.

ದೋಣಿವಿಹಾರಗಳನ್ನೇ ನಿಲ್ಲಿಸಬೇಕೆಂದು ನಾನು ಹೇಳುತ್ತಿಲ್ಲ. ಕಾಲುದಾರಿಯೇ ಇಲ್ಲದ ಜೌಗನ್ನು ನೋಡಲು ದೋಣಿಯೇ ಗತಿ, ಮತ್ತು ನೋಡಿದವರೇ ಅದರ ಪರವಾಗಿ ಮಾತಾಡುವವರು. ಹಕ್ಕಿಗಳಿಂದ ಬದುಕು ಕಟ್ಟಿಕೊಂಡ ದೋಣಿಯವರಿಗೆ ಅವುಗಳ ಉಳಿವಿನ ಕಾಳಜಿ ನಮಗಿಂತ ಹೆಚ್ಚೇ ಇರುತ್ತದೆ. ತೊಂದರೆ ಅನೇಕ ಸಲ ಆರಂಭವಾಗುವುದು ಪ್ರಯಾಣಿಕರ ಆಸನದಿಂದ. ಇನ್ನೂ ಸ್ವಲ್ಪ ಹತ್ತಿರ ಹೋಗೋಣ ಎಂದು ಹತ್ತು ಜನ ಒತ್ತಾಯಿಸುವಾಗ, ನಾಳಿನ ಗಿರಾಕಿಗಾಗಿ ಅವರ ಮೆಚ್ಚುಗೆಯನ್ನೇ ಅವಲಂಬಿಸಿರುವ ಚಾಲಕ ಒಬ್ಬನೇ ಎಷ್ಟು ಹೊತ್ತು ಇಲ್ಲವೆನ್ನಬಲ್ಲ? ಆ ಒತ್ತಾಯವನ್ನು ಬೆಳೆಸುತ್ತಿರುವುದು ‘ಕೈಗೆಟಕುವಷ್ಟು ಹತ್ತಿರ’ ಎಂಬ ನಮ್ಮ ಪ್ರವಾಸ ಬರಹಗಳ ಹೊಗಳಿಕೆ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಇಂಥ ಪ್ರವಾಸಗಳ ಬರಹಗಳಲ್ಲಿ ಯಾವ ಋತು, ಉಬ್ಬರವೋ ಇಳಿತವೋ, ದೋಣಿ ಎಷ್ಟು ಅಂತರ ಕಾಯುತ್ತದೆ ಎಂಬ ವಿವರಗಳನ್ನು ದರ ಮತ್ತು ಸಮಯದಷ್ಟೇ ಕಡ್ಡಾಯವಾಗಿ ಕೇಳಿ ಪ್ರಕಟಿಸಬೇಕು. ದೋಣಿಗೆ ಬೆದರಿ ಎದ್ದ ಹಿಂಡಿನ ಚಿತ್ರಗಳನ್ನೂ, ಗೂಡಿನ ಹತ್ತಿರದಿಂದ ತೆಗೆದ ಮರಿಗಳ ಚಿತ್ರಗಳನ್ನೂ ಕೈಬಿಡಬೇಕು. ಮೇಯುವ, ಗರಿ ತಿದ್ದಿಕೊಳ್ಳುವ, ಒಂಟಿ ಕಾಲಿನಲ್ಲಿ ನಿದ್ರಿಸುವ ಹಕ್ಕಿಯ ಚಿತ್ರ ಕಳುಹಿಸಿದ ಓದುಗರಿಗೆ ಆ ಜಾಗ ಸಿಗಲಿ. ಅಂತರ ಕಾಯುವ ನಿಯಮವನ್ನು ದೋಣಿ ಹತ್ತುವ ಮುನ್ನವೇ ತಿಳಿಸುವ ಸಂಸ್ಥೆಗಳನ್ನು ಬರಹಗಾರರು ಹೆಸರಿಸಿ ಮೆಚ್ಚಿದರೆ, ಉಳಿದವರೂ ಹಾಗೆ ಮಾಡಲು ಕಾರಣ ಸಿಗುತ್ತದೆ. ಬರುವ ವಲಸೆಯ ಋತುವಿನ ಪ್ರವಾಸ ಪುಟಗಳಿಂದಲೇ ಇದನ್ನು ಆರಂಭಿಸಬೇಕೆಂದು ವಿನಂತಿಸುತ್ತೇನೆ.

ಇಂತಿ,
ತಮ್ಮ ಓದುಗ, ಪಕ್ಷಿವೀಕ್ಷಕ