ಮುಳುಗು ತಜ್ಞರ ರೆಗ್ಯುಲೇಟರ್: ಸರ್ವಿಸ್‌ಗೆ ತಾರೀಖೊಂದೇ ಆಧಾರವಾಗದಿರಲಿ

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಮುಂಗಾರಿಗೆ ಮುನ್ನ ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ ಪ್ರವಾಹ ಪೂರ್ವಸಿದ್ಧತೆಯ ಮಾತು ಏಳುತ್ತದೆ. ಬೋಟುಗಳೆಷ್ಟು, ಲೈಫ್ ಜಾಕೆಟ್‌ಗಳೆಷ್ಟು, ಹಗ್ಗವೆಷ್ಟು ಎಂಬ ಪಟ್ಟಿ ತಯಾರಾಗುತ್ತದೆ. ಮುಳುಗು ತಜ್ಞರ ಉಪಕರಣಗಳು ಈ ಪಟ್ಟಿಯಲ್ಲಿ ಬಂದರೂ ‘ಇಷ್ಟು ಸೆಟ್’ ಎಂಬ ಒಂದೇ ಅಂಕಿಯಾಗಿ ಬರುತ್ತವೆ. ಆ ಸೆಟ್ಟಿನ ಜೀವಾಳವಾದ ಉಸಿರಾಟದ ರೆಗ್ಯುಲೇಟರ್ ಯಾವ ಸ್ಥಿತಿಯಲ್ಲಿದೆ, ಅದನ್ನು ಈ ವರ್ಷ ಸರ್ವಿಸ್ ಮಾಡಿಸಬೇಕೇ, ಹಾಗೆಯೇ ಬಳಸಬಹುದೇ ಅಥವಾ ಅದರ ಮೇಲೆ ಇನ್ನು ಖರ್ಚು ಮಾಡುವುದೇ ವ್ಯರ್ಥವೇ ಎಂಬ ಪ್ರಶ್ನೆಗಳಿಗೆ ಆ ಅಂಕಿಯಲ್ಲಿ ಉತ್ತರವಿಲ್ಲ. ಸ್ವಯಂಸೇವಾ ತಂಡವೊಂದರ ಮುಳುಗು ಉಪಕರಣಗಳನ್ನು ಹಲವು ವರ್ಷಗಳಿಂದ ನೋಡಿಕೊಳ್ಳುತ್ತಿರುವ ನಾನು ಈ ಪ್ರಶ್ನೆಗಳ ಕುರಿತು ಕೆಲವು ವಿಷಯಗಳನ್ನು ನಿಮ್ಮ ಪತ್ರಿಕೆಯ ಮೂಲಕ ಹೇಳಬಯಸುತ್ತೇನೆ.

ಮುಳುಗುವವರು ಬೆನ್ನಿಗೆ ಕಟ್ಟಿಕೊಳ್ಳುವ ಸಿಲಿಂಡರ್ ತುಂಬಿದಾಗ ಅದರಲ್ಲಿ ಗಾಳಿ ಸುಮಾರು 200 ಬಾರ್ ಒತ್ತಡದಲ್ಲಿರುತ್ತದೆ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ). ಸಿಲಿಂಡರಿನ ಕೊರಳಿಗೆ ಕೂರುವ ರೆಗ್ಯುಲೇಟರಿನ ಮೊದಲ ಹಂತವು ಅದನ್ನು ಸುತ್ತಲಿನ ನೀರಿನ ಒತ್ತಡಕ್ಕಿಂತ ಸುಮಾರು 9ರಿಂದ 10 ಬಾರ್ ಹೆಚ್ಚಿರುವ ಮಧ್ಯಂತರ ಒತ್ತಡಕ್ಕೆ ಇಳಿಸುತ್ತದೆ. ಬಾಯಲ್ಲಿ ಕಚ್ಚಿಕೊಳ್ಳುವ ಎರಡನೇ ಹಂತವು ಉಸಿರು ಎಳೆದಾಗ ಮಾತ್ರ ತೆರೆದು, ಆ ಆಳದ ಒತ್ತಡಕ್ಕೆ ಸರಿಹೊಂದುವ ಗಾಳಿಯನ್ನು ಕೊಡುತ್ತದೆ. ಅಡುಗೆ ಅನಿಲದ ರೆಗ್ಯುಲೇಟರ್ ಬಲ್ಲವರಿಗೆ ಇದರ ತತ್ವ ಹೊಸದಲ್ಲ. ಫ್ರಾನ್ಸಿನ ನೌಕಾಪಡೆಯ ಅಧಿಕಾರಿ ಜಾಕ್ ಕೂಸ್ಟೊ ಅವರೊಡನೆ 1943ರಲ್ಲಿ ಈ ಸಾಧನವನ್ನು ರೂಪಿಸಿದ ಎಮಿಲ್ ಗಾನ್ಯಾನ್ ಅನಿಲ ಕಂಪನಿಯೊಂದರ ಎಂಜಿನಿಯರ್ ಆಗಿದ್ದರು. ಯುದ್ಧಕಾಲದ ಪೆಟ್ರೋಲ್ ಅಭಾವದಲ್ಲಿ ಅನಿಲದಿಂದ ಕಾರು ಓಡಿಸಲು ಸಿದ್ಧಪಡಿಸಿದ್ದ ಕವಾಟವೇ ಅವರಿಗೆ ಆಧಾರವಾಯಿತು. ಅಂದಿನಿಂದ ಇಂದಿನವರೆಗೆ ಒಳಗಿನ ಸವೆಯುವ ಭಾಗಗಳು ಬಹುಮಟ್ಟಿಗೆ ಅವೇ: ಕವಾಟ ಬಂದು ಕೂರುವ ಮೆದು ಬಿಲ್ಲೆಗಳು, ಅಂದರೆ ಸೀಟುಗಳು, ರಬ್ಬರಿನ ಓ-ರಿಂಗುಗಳು, ತೆಳುವಾದ ಪೊರೆ, ಅಂದರೆ ಡಯಾಫ್ರಾಮ್. ಹಿತ್ತಾಳೆಯ ಕವಚ ಹಾಳಾಗುವುದು ಬಹಳ ನಿಧಾನ.

ಸರ್ವಿಸ್ ಯಾವಾಗ ಎಂಬುದಕ್ಕೆ ತಯಾರಕರು ಅವಧಿಗಳನ್ನು ಸೂಚಿಸಿರುತ್ತಾರೆ. ಕೆಲವರು ವರ್ಷಕ್ಕೊಮ್ಮೆ ಅಥವಾ 100 ಡೈವ್‌ಗಳಿಗೊಮ್ಮೆ ಎಂದರೆ, ಇನ್ನು ಕೆಲವರು ಎರಡು ವರ್ಷಕ್ಕೊಮ್ಮೆ ಬಿಚ್ಚಿ, ನಡುವಿನ ವರ್ಷ ತಪಾಸಣೆ ಮಾತ್ರ ಮಾಡಿದರೆ ಸಾಕು ಎನ್ನುತ್ತಾರೆ. ವಾರಂಟಿ ಇರುವವರೆಗೆ ಆ ಮಾತನ್ನು ಪಾಲಿಸುವುದೇ ಸರಿ. ಆದರೆ ನೇತ್ರಾಣಿ ದ್ವೀಪದ ತಿಳಿ ನೀರಿನಲ್ಲಿ ಪ್ರವಾಸಿಗರೊಂದಿಗೆ ಮೇಲಿಂದ ಮೇಲೆ ಇಳಿಯುವ ರೆಗ್ಯುಲೇಟರಿಗೂ ನಮ್ಮ ಹೊಳೆಗಳಲ್ಲಿ ಇಳಿಯುವ ರೆಗ್ಯುಲೇಟರಿಗೂ ಅಜಗಜಾಂತರವಿದೆ. ಅಲ್ಲಿ ಶತ್ರು ಉಪ್ಪು, ಇಲ್ಲಿ ರಾಡಿ. ಘಟಪ್ರಭಾ, ಮಲಪ್ರಭಾ, ಕೃಷ್ಣಾ ನದಿಗಳು ಮಳೆಗಾಲದಲ್ಲಿ ಹೊತ್ತು ತರುವ ಎರೆಮಣ್ಣಿನ ನುಣುಪು ಹೂಳು ಎರಡನೇ ಹಂತದ ಸನ್ನೆ, ಸ್ಪ್ರಿಂಗ್ ಹಾಗೂ ಉಸಿರು ಹೊರಹೋಗುವ ಕವಾಟದ ಅಂಚಿನಲ್ಲಿ ಕೂತು ಒಣಗುತ್ತದೆ. ನಮ್ಮ ಸೆಟ್ಟುಗಳು ವರ್ಷಕ್ಕೆ ನೂರು ಬಾರಿ ನೀರಿಗಿಳಿಯುವುದಿಲ್ಲ, ನಿಜ. ಆದರೆ ಇಳಿದಾಗ ಅತ್ಯಂತ ಕೆಟ್ಟ ನೀರಿಗೇ ಇಳಿಯುತ್ತವೆ, ಉಳಿದ ಕಾಲವೆಲ್ಲ ನಮ್ಮ ಕಡು ಬೇಸಿಗೆಯಲ್ಲಿ ತಗಡಿನ ಮಾಡಿನ ಕೋಣೆಯಲ್ಲಿ ಬಿದ್ದಿರುತ್ತವೆ. ಬಳಸದಿದ್ದರೂ ಶಾಖಕ್ಕೆ ರಬ್ಬರ್ ಗಟ್ಟಿಯಾಗುತ್ತದೆ, ಹೋಸ್‌ಪೈಪಿನ ತುದಿಗಳಲ್ಲಿ ಬಿರುಕು ಬಿಡುತ್ತದೆ. ಆದ್ದರಿಂದ ‘ಬಳಸಿಯೇ ಇಲ್ಲ, ಸರ್ವಿಸ್ ಏಕೆ’ ಎಂಬ ವಾದವೂ ತಪ್ಪು, ‘ವರ್ಷವಾಯಿತು, ಬಿಚ್ಚಿಬಿಡಿ’ ಎಂಬ ವಾದವೂ ಸಾಲದು.

ಎರಡನೆಯದನ್ನು ತಪ್ಪೆನ್ನದೆ ಸಾಲದು ಎಂದಿದ್ದಕ್ಕೆ ಕಾರಣವಿದೆ. ಜೀವದ ಪ್ರಶ್ನೆಯಾದ್ದರಿಂದ ವರ್ಷಕ್ಕೊಮ್ಮೆ ಕಣ್ಣುಮುಚ್ಚಿ ಸರ್ವಿಸ್ ಮಾಡಿಸುವುದೇ ಕ್ಷೇಮ ಎಂದು ಹಲವರು ನಂಬಿದ್ದಾರೆ, ಅವರ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಆದರೆ ಸರಿಯಾಗಿ ಕೆಲಸ ಮಾಡುತ್ತಿರುವ ಸಾಧನವನ್ನು ಬಿಚ್ಚಿದಾಗಲೆಲ್ಲ ಹೊಸ ದೋಷ ಹೊಗುವ ಅವಕಾಶವೂ ಇರುತ್ತದೆ. ಹೊಸ ಸೀಟು ತನ್ನ ಜಾಗದಲ್ಲಿ ಹದವಾಗಿ ಕೂರಲು ಕೆಲವು ಡೈವ್‌ಗಳು ಬೇಕಾಗುತ್ತವೆ. ಅಷ್ಟರಲ್ಲಿ ಮಧ್ಯಂತರ ಒತ್ತಡ ಸ್ವಲ್ಪ ಬದಲಾಗಬಹುದು. ಓ-ರಿಂಗ್ ತೆಗೆಯಲು ಉಕ್ಕಿನ ಚೂಪಾದ ಕಡ್ಡಿ ಬಳಸಿ ಹಿತ್ತಾಳೆಯ ಅಂಚಿಗೆ ಒಂದು ಗೀರು ಬಿದ್ದರೂ ಅಲ್ಲಿ ಮುಂದೆ ಗಾಳಿ ನಿಲ್ಲುವುದಿಲ್ಲ. ನಮ್ಮ ತಂಡದ ಒಂದು ಸೆಟ್ ಹೀಗೆಯೇ ಹೊರಗಿನ ಸರ್ವಿಸ್ ಕೇಂದ್ರವೊಂದರಿಂದ ಮುದ್ರೆ, ಸಹಿ ಸಮೇತ ಮರಳಿ ಬಂತು. ಗೇಜ್ ಹಾಕಿ ನೋಡಿದಾಗ ಮುಳ್ಳು 9.5 ಬಾರ್‌ಗೆ ಬಂದು ನಿಲ್ಲದೆ, ನೋಡನೋಡುತ್ತಿದ್ದಂತೆ 11ನ್ನು ದಾಟಿತು. ಕಾಗದವನ್ನಷ್ಟೇ ನಂಬಿ ಅದನ್ನು ಕಪಾಟಿನಲ್ಲಿಟ್ಟಿದ್ದರೆ, ಮುಂದಿನ ಕರೆ ಬಂದಾಗ ಅದೇ ಯಾರದೋ ಬಾಯಲ್ಲಿರುತ್ತಿತ್ತು.

ನಿರ್ಧಾರಕ್ಕೆ ಬೇಕಾದ ಪರೀಕ್ಷೆಗಳು ಕಷ್ಟದವಲ್ಲ. ಮುಳುಗುವವರು ತೊಡುವ ತೇಲು ಜಾಕೆಟ್ಟಿಗೆ ರೆಗ್ಯುಲೇಟರಿನಿಂದ ಗಾಳಿ ತುಂಬುವ ಪೈಪಿನ ತುದಿಗೆ ಸಣ್ಣದೊಂದು ಒತ್ತಡ ಗೇಜನ್ನು ಸಿಕ್ಕಿಸಿ, ಸಿಲಿಂಡರನ್ನು ನಿಧಾನವಾಗಿ ತೆರೆದು, ಎರಡನೇ ಹಂತದ ಮೇಲಿರುವ, ಗಾಳಿ ಹರಿಸುವ ಗುಂಡಿಯನ್ನು ಕೆಲವು ಸಲ ಒತ್ತಿ ಬಿಡಬೇಕು. ಗಾಳಿ ಹರಿಯುವಾಗ ಮುಳ್ಳು ಇಳಿಯುತ್ತದೆ, ಬಿಟ್ಟೊಡನೆ ತನ್ನ ಮೊದಲಿನ ಅಂಕಿಗೆ ಚುರುಕಾಗಿ ಮರಳಿ ಅಲ್ಲೇ ನಿಲ್ಲಬೇಕು. ಹತ್ತು ನಿಮಿಷ ಬಿಟ್ಟು ನೋಡಿದರೂ ಅಲ್ಲೇ ಇರಬೇಕು. ನಿಲ್ಲದೆ ಮೆಲ್ಲಗೆ ಏರುತ್ತ ಹೋದರೆ ಮೊದಲ ಹಂತದ ಅಧಿಕ ಒತ್ತಡದ ಸೀಟು ಸವೆದಿದೆ ಅಥವಾ ಅದರ ಮೇಲೆ ಕಸ ಕೂತಿದೆ ಎಂದರ್ಥ. ಅಂಥ ರೆಗ್ಯುಲೇಟರ್ ಕಳೆದ ತಿಂಗಳೇ ಸರ್ವಿಸ್ ಆಗಿದ್ದರೂ ಮತ್ತೆ ಹೋಗಬೇಕು. ಇದೇ ಪರೀಕ್ಷೆಯನ್ನು ತುಂಬಿದ ಸಿಲಿಂಡರಿನಲ್ಲೂ ಬಹುಪಾಲು ಖಾಲಿಯಾದ ಸಿಲಿಂಡರಿನಲ್ಲೂ ಮಾಡಬೇಕು. ಇನ್ನೊಂದಕ್ಕೆ ಒಂದು ಬಕೆಟ್ ನೀರು ಸಾಕು. ಗಾಳಿ ತೆರೆದಿಟ್ಟು, ಎರಡನೇ ಹಂತವನ್ನು ಮೌತ್‌ಪೀಸ್ ಮೇಲಾಗುವಂತೆ ಹಿಡಿದು ಮೆಲ್ಲಗೆ ನೀರಿಗಿಳಿಸಿದರೆ, ಒಳಗಿನ ಡಯಾಫ್ರಾಮ್ ಎರಡೂವರೆಯಿಂದ ನಾಲ್ಕು ಸೆಂಟಿಮೀಟರ್ ಮುಳುಗುವಷ್ಟರಲ್ಲಿ ಗಾಳಿ ಸುಯ್ಯೆಂದು ಹೊರಡಬೇಕು. ನೀರು ಮುಟ್ಟುತ್ತಲೇ ಹೊರಟರೆ ಅತಿ ಸಡಿಲ, ಬಹಳ ಆಳಕ್ಕೆ ಹೋದರೂ ಹೊರಡದಿದ್ದರೆ ಉಸಿರಾಟ ಬಿಗಿ.

ಸಿಲಿಂಡರಿಗೆ ಜೋಡಿಸುವ ಮೊದಲೇ ಮಾಡಬಹುದಾದ ಪರೀಕ್ಷೆಗಳೂ ಇವೆ. ಮೊದಲ ಹಂತದ ಬಾಯಿಯನ್ನು ಅದರ ಮುಚ್ಚಳದಿಂದ ಬಿಗಿಯಾಗಿ ಮುಚ್ಚಿ ಮೌತ್‌ಪೀಸಿನಿಂದ ಎಳೆದರೆ ಗಾಳಿ ಬರಬಾರದು. ಬಂದರೆ ಬಹುತೇಕ ಸಂದರ್ಭಗಳಲ್ಲಿ ಮೌತ್‌ಪೀಸ್ ಹರಿದಿರುತ್ತದೆ ಅಥವಾ ಹೊರಕವಾಟದ ಅಂಚಿನಲ್ಲಿ ಹೂಳು ಸಿಕ್ಕಿರುತ್ತದೆ; ಅದಕ್ಕೆ ಪೂರ್ತಿ ಸರ್ವಿಸ್ ಬೇಕಿಲ್ಲ, ಅಗ್ಗದ ಬಿಡಿಭಾಗವೋ ಸ್ವಚ್ಛತೆಯೋ ಸಾಕು. ಆಮೇಲೆ ಮೊದಲ ಹಂತದ ಬಾಯೊಳಗಿರುವ ಪುಟ್ಟ ಲೋಹದ ಫಿಲ್ಟರನ್ನು ಬೆಳಕಿಗೆ ಹಿಡಿದು ನೋಡಬೇಕು. ಹಸಿರು ಕಂಡರೆ ಒಳಗೆ ನೀರು ಹೋಗಿದೆ, ಕೆಂಗಂದು ಪುಡಿ ಕಂಡರೆ ಉಕ್ಕಿನ ಸಿಲಿಂಡರಿನ ಒಳಗೋಡೆ ತುಕ್ಕು ಹಿಡಿದಿದೆ, ಕಪ್ಪು ಧೂಳಿದ್ದರೆ ಗಾಳಿ ತುಂಬುವ ಕಂಪ್ರೆಸರಿನ ಇದ್ದಿಲು ಫಿಲ್ಟರಿನ ಮೇಲೆ ಸಂಶಯಪಡಬೇಕು. ಈ ಮೂರರಲ್ಲಿ ಯಾವುದು ಕಂಡರೂ ತಾರೀಖು ನೋಡದೆ ಸರ್ವಿಸ್‌ಗೆ ಕಳಿಸಬೇಕು. ಕೊನೆಯ ಎರಡರಲ್ಲಿ ರೆಗ್ಯುಲೇಟರ್ ಒಂದನ್ನೇ ಸರಿಪಡಿಸಿದರೆ ಪ್ರಯೋಜನವಿಲ್ಲ.

ಇಷ್ಟೆಲ್ಲ ಎಚ್ಚರ ಏಕೆಂದರೆ, ಈ ಸಾಧನ ಕೆಟ್ಟಾಗ ಸಾಮಾನ್ಯವಾಗಿ ಗಾಳಿ ನಿಲ್ಲುವುದಿಲ್ಲ, ಧೋ ಎಂದು ಹರಿಯತೊಡಗುತ್ತದೆ. ವಿನ್ಯಾಸವೇ ಹಾಗಿದೆ, ಅದು ಒಳ್ಳೆಯದೂ ಹೌದು. ಆದರೆ 12 ಲೀಟರ್ ಸಿಲಿಂಡರಿನಲ್ಲಿ 200 ಬಾರ್ ಒತ್ತಡಕ್ಕೆ ಇರುವುದು ಸುಮಾರು 2,400 ಲೀಟರ್ ಗಾಳಿ. ಹಾಗೆ ಹರಿದರೆ ಅದು ಕೆಲವೇ ನಿಮಿಷಗಳಲ್ಲಿ ಬರಿದಾಗುತ್ತದೆ. ಸಮುದ್ರದಲ್ಲಿ ಜೊತೆಗಾರ ಕಣ್ಣಿಗೆ ಕಾಣುತ್ತಾನೆ. ಆಲಮಟ್ಟಿ ಜಲಾಶಯದ ನೀರು ತನ್ನ ಪೂರ್ಣ ಮಟ್ಟವಾದ 519.60 ಮೀಟರ್ ಮುಟ್ಟಿದಾಗ ಹಿನ್ನೀರಿನಡಿ ಸೇರುವ ಹಳೆಯ ಗೋಡೆ, ಜಾಲಿ ಕಂಟಿಗಳ ನಡುವೆ ತನ್ನ ಗಾಳಿ ಗೇಜನ್ನೇ ಕಣ್ಣಿನ ಹತ್ತಿರ ಹಿಡಿದರೂ ಓದಲಾಗದ ರಾಡಿಯಲ್ಲಿ, ಆ ಕೆಲವು ನಿಮಿಷಗಳಲ್ಲಿ ಬಿಡಿಸಿಕೊಂಡು ಮೇಲೆ ಬರುವುದು ಎಂಥ ನುರಿತವರಿಗೂ ಕಷ್ಟ. 2019ರ ಆಗಸ್ಟ್‌ನಂಥ ಪ್ರವಾಹದಲ್ಲಂತೂ ಬದಲಿ ಸೆಟ್ ತರಿಸಿಕೊಳ್ಳಲು ರಸ್ತೆಯೇ ಇರುವುದಿಲ್ಲ.

ಇನ್ನು ಯಾವುದನ್ನು ಕೈಬಿಡಬೇಕು ಎಂಬ ಪ್ರಶ್ನೆ. ಹಳೆಯದು ಎಂಬ ಒಂದೇ ಕಾರಣಕ್ಕೆ ಎಸೆಯುವುದು ದುಂದುವೆಚ್ಚವೆಂಬುದು ನನ್ನ ಖಚಿತ ಅಭಿಪ್ರಾಯ. ಇಪ್ಪತ್ತು ವರ್ಷದ ರೆಗ್ಯುಲೇಟರ್ ಆದರೂ ಕಂಪನಿಯ ಬಿಡಿಭಾಗಗಳ ಕಿಟ್ ಇನ್ನೂ ಸಿಗುತ್ತಿದ್ದು, ಹಿತ್ತಾಳೆಯ ಅಂಚುಗಳು ನಯವಾಗಿದ್ದರೆ ಅದು ಸರ್ವಿಸ್‌ಗೆ ಅರ್ಹ. ಕಿಟ್ ನಿಂತುಹೋಗಿದ್ದರೆ, ಹೊಂದಿಕೆಯಾಗಬಹುದು ಎಂದು ಅಂಗಡಿಯ ಸಾಮಾನ್ಯ ವಾಷರ್ ಹಾಕಿ ಓಡಿಸುವ ಪದಾರ್ಥ ಇದಲ್ಲ. ಸೀಟು ಕೂರುವ ಅಂಚಿನಲ್ಲಿ ಕುಳಿ ಬಿದ್ದಿದ್ದರೂ ಅಥವಾ ಗಾಳಿ ತಡೆಯುವ ಮೈಯಲ್ಲಿ ಕ್ರೋಮ್ ಲೇಪನ ಎದ್ದಿದ್ದರೂ ಖರ್ಚು ಮಾಡಬಾರದು. ಕರಾವಳಿಗೋ ಮಹಾನಗರಕ್ಕೋ ಕಳಿಸುವ ಸಾಗಣೆ, ಕಿಟ್, ಕೂಲಿ ಎಲ್ಲ ಸೇರಿ ಅದೇ ದರ್ಜೆಯ ಹೊಸ ಸೆಟ್ಟಿನ ಅರ್ಧ ಬೆಲೆಯನ್ನು ದಾಟಿದರೆ ನಾನು ಹೊಸದರ ಪರವಾಗಿದ್ದೇನೆ. ಆದರೆ ಕೈಬಿಟ್ಟದ್ದನ್ನು ಪಟ್ಟಿಯಿಂದಲೂ ತೆಗೆಯಬೇಕು, ಕಪಾಟಿನಿಂದಲೂ ತೆಗೆಯಬೇಕು. ತುರ್ತಿನಲ್ಲಿ ಯಾರ ಕೈಗೆ ಯಾವುದು ಸಿಗುತ್ತದೆಂದು ಹೇಳಲಾಗದು.

ಹೀಗಾಗಿ ಜಿಲ್ಲೆಯಲ್ಲಿ ಮುಳುಗು ಸೆಟ್ ಇಟ್ಟುಕೊಂಡಿರುವ ಇಲಾಖೆಗಳಲ್ಲಿಯೂ ತಂಡಗಳಲ್ಲಿಯೂ ನನ್ನ ವಿನಂತಿಯಿಷ್ಟೆ. ಪ್ರತಿ ರೆಗ್ಯುಲೇಟರಿಗೆ ಅದರ ಕ್ರಮಸಂಖ್ಯೆಯ ಹೆಸರಿನಲ್ಲಿ ಒಂದು ಪುಟ ತೆರೆದು, ತಿಂಗಳಿಗೊಮ್ಮೆ ಮಧ್ಯಂತರ ಒತ್ತಡವನ್ನು ಅಳೆದು, ಆ ಅಂಕಿಯನ್ನು ಅಳೆದವರ ಸಹಿಯೊಂದಿಗೆ ಬರೆದಿಡಬೇಕು. ರಾಡಿ ನೀರಿನಿಂದ ಬಂದ ದಿನವೇ, ಸಿಲಿಂಡರಿಗೆ ಜೋಡಿಸಿ ಗಾಳಿ ತೆರೆದಿರುವಾಗಲೇ ಸಿಹಿನೀರಿನಲ್ಲಿ ತೊಳೆಯಬೇಕು. ಒತ್ತಡವಿಲ್ಲದಾಗ ನೀರಿನೊಳಗೆ ಗುಂಡಿ ಒತ್ತಿದರೆ ಕೊಳೆ ಒಳಗೆ ಹೋಗುತ್ತದೆ. ಅಂಕಿಗಳು ಸರಿಯಿರುವವನ್ನು ತಯಾರಕರ ಅವಧಿ ಮುಗಿಯುವವರೆಗೆ ಬಿಚ್ಚದಿರಲಿ, ಕೆಟ್ಟವನ್ನು ಅವಧಿಗೆ ಕಾಯದೆ ಕಳಿಸಲಿ. ಕಳಿಸುವುದನ್ನು ಮೇ ತಿಂಗಳ ಸಭೆಯವರೆಗೆ ಮುಂದೂಡದೆ ಜನವರಿಯಲ್ಲೇ ಕಳಿಸಿದರೆ, ಮಾರ್ಚ್ ಹೊತ್ತಿಗೆ ಮರಳಿ ಬಂದ ಸೆಟ್ಟುಗಳನ್ನು ಈಜುಕೊಳದಲ್ಲಿ ಕೆಲವು ಬಾರಿ ಇಳಿಸಿ, ಹೊಸ ಸೀಟು ಕೂತ ಮೇಲೆ ಇನ್ನೊಮ್ಮೆ ಗೇಜ್ ಹಾಕಿ ನೋಡಲು ಜೂನ್‌ಗೆ ಮೊದಲು ಸಾಕಷ್ಟು ಸಮಯ ಉಳಿಯುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಸ್ವಯಂಸೇವಕ, ನವನಗರ, ಬಾಗಲಕೋಟೆ